ಊರಿಗಿ ಹೋಗಿ ತಿಳಸ್ತೀವ್ರಿ

ವೀರು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗ ಕಾಂಚನಾಳ ಕೈಯಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ ಇತ್ತು. ಅವಳು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೈ ಕಟ್ಟಿಕೊಂಡು ಕೂತಳು. ಕೈಯಲ್ಲೇ ಇಟ್ಟುಕೊಂಡಿದ್ದರೆ ಏನು ಮಾಡಿಬಿಡುತ್ತಿದ್ದೆನೋ ಎಂದು ಅವಳಿಗೇ ಭಯವಾಗಿತ್ತು.

ಅವನ ಕಂಕುಳಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಗಂಟು ಇತ್ತು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು.

"ಆರಾಮ ಅದೀರಿ?" ಅಂದ.

"ರಿಪೇರಿಗೆ ಬಂದೀರೋ, ಆರಾಮ ಕೇಳಾಕ ಬಂದೀರೋ?"

"ರಿಪೇರಿಗೆ ರಿ."

"ಹಂಗಾರ ಗಂಟು ಬಿಚ್ಚರಿ."

ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಅವನ ಉಗುರಿಗೆ ಸಿಗುತ್ತಿರಲಿಲ್ಲ. ಒದ್ದಾಡಲಿ ಅಂದುಕೊಂಡಳು ಕಾಂಚನಾ. ಸಹಾಯಕ್ಕೆ ಕೈ ಚಾಚಲಿಲ್ಲ.

ಇವನನ್ನು ಅವಳು ಮೊದಲು ನೋಡಿದ್ದು ಎರಡು ವರ್ಷದ ಹಿಂದೆ, ತನ್ನದೇ ಮನೆಯ ಪಡಸಾಲೆಯಲ್ಲಿ. ಲಕ್ಷ್ಮೇಶ್ವರದಿಂದ ಇವನ ಕಡೆಯವರು ಜೀಪು ತುಂಬಿಕೊಂಡು ಕನ್ಯೆ ನೋಡಲು ಬಂದಿದ್ದರು. ಅವ್ವ ಸಿದ್ದಲಿಂಗವ್ವ ಶಿರಾ ಮಾಡಿದ್ದಳು, ಮಂಡಕ್ಕಿಯ ಸೂಸಲಾ ಮಾಡಿದ್ದಳು. ಕಾಂಚನಾ ತಲೆ ತುಂಬ ಸೆರಗು ಹೊದ್ದು ಚಹಾದ ತಾಟು ತಂದಿದ್ದಳು. "ಸ್ವಲ್ಪ ನಡದು ತೋರಸವಾ" ಅಂದರು, ನಡೆದಳು. "ಹೆಸರು ಹೇಳವಾ" ಅಂದರು, ಎಲ್ಲರಿಗೂ ಗೊತ್ತಿದ್ದ ಹೆಸರನ್ನು ಇನ್ನೊಮ್ಮೆ ಹೇಳಿದಳು. ಇಬ್ಬರನ್ನೇ ಹಿತ್ತಲಿಗೆ ಕಳಿಸಿದಾಗ ವೀರು ಅವಳ ಬೆರಳುಗಳನ್ನು ನೋಡಿದ್ದ. ತುದಿಯಲ್ಲೆಲ್ಲ ಸೋಲ್ಡರ್ ಸುಟ್ಟ ಚುಕ್ಕೆಗಳಿದ್ದವು. "ಈ ಕೈ ನನಗ ಭಾಳ ಸೇರಿದವು. ಇನ್ನ ಬ್ಯಾರೆ ಯಾರನ್ನೂ ನೋಡಂಗಿಲ್ಲ ನಾ. ಮಾತು ಕೊಡ್ತೀನಿ," ಅಂದಿದ್ದ. ಅವಳ ಫೋನ್ ನಂಬರ್ ಕೂಡ ಬರೆದುಕೊಂಡಿದ್ದ.

ಹೊರಡುವಾಗ ಅವನ ದೊಡ್ಡಪ್ಪ ಕುಬೇರಪ್ಪ ಧೋತರ ಝಾಡಿಸಿ ಎದ್ದು, "ಊರಿಗಿ ಹೋಗಿ ತಿಳಸ್ತೀವ್ರಿ" ಅಂದ. ಹುಡುಗನ ಮುಖದ ಮೇಲಿನ ನಗೆಯನ್ನೇ ಹೂಂ ಎಂದು ತಿಳಿದ ಸಿದ್ದಲಿಂಗವ್ವ ಆವತ್ತೇ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಳು.

ಅವರು ತಿಳಿಸಲೇ ಇಲ್ಲ. ಬಹಳ ದಿನದ ಮೇಲೆ ಸಂತೆಯಲ್ಲಿ ಸಿಕ್ಕ, ಆ ಸಂಬಂಧ ತಂದಿದ್ದ ಮಧ್ಯಸ್ಥಗಾರ ಮೆಲ್ಲಗೆ ಉಸುರಿದ. ಬೆರಳು ಸುಟ್ಟುಕೊಂಡು ಗಂಡಸರ ಹಾಗೆ ಅಂಗಡಿಯಲ್ಲಿ ಕೂಡುವವಳು ತಮ್ಮ ಮನೆಗೆ ಬೇಡ ಅಂದನಂತೆ ಕುಬೇರಪ್ಪ. ಸಕ್ಕರೆ ತಿಂದ ಓಣಿ ಅಷ್ಟಕ್ಕೆ ಬಿಡುತ್ತದೆಯೇ? "ಹುಡುಗೀದ ಏನರ ಇರಬೇಕು ತಗೋ. ಇಲ್ಲಾಂದ್ರ ಒಪ್ಪಿದವರು ಯಾಕ ಬಿಟ್ಟಾರು?" ಎಂದು ಎದುರು ಮನೆಯ ಬಸವಣ್ಣೆವ್ವ ಓಣಿಯ ನೀರಿನ ನಳದ ಮುಂದೆ ನಿಂತು ಶುರುಮಾಡಿದಳು. ಆಮೇಲೆ ಬಂದ ಸಂಬಂಧಗಳು ಓಣಿಯ ತುದಿಯಲ್ಲಿ ವಿಚಾರಿಸಿ ಅಲ್ಲಿಂದಲೇ ಹಿಂದೆ ಹೋದವು. ಸಿದ್ದಲಿಂಗವ್ವ ನಳಕ್ಕೆ ಹೋಗುವ ಹೊತ್ತನ್ನೇ ಬದಲಿಸಿಕೊಂಡಳು. ಈ ವೀರು ಒಂದು ಫೋನ್ ಮಾಡಲಿಲ್ಲ.

ಕಾಂಚನಾಗೆ ಬೇಕಾಗಿದ್ದುದು ಒಂದೇ. ತಪ್ಪು ಯಾರದು ಎಂಬುದು ನಾಲ್ಕು ಜನರ ಎದುರಿಗೆ, ಅವನ ಮುಖದ ಮೇಲೆ ಬೀಳಬೇಕು. ಮದುವೆ ಹಾಳಾಗಿ ಹೋಗಲಿ, ಅವ್ವ ತಲೆ ಎತ್ತಿಕೊಂಡು ನಳಕ್ಕೆ ಹೋಗುವಂತಾಗಬೇಕು.

ಗಂಟು ಬಿಚ್ಚಿತು. ಒಳಗೊಂದು ಹಳೆಯ ಮನೆ-ಕಂಪ್ಯೂಟರ್. ಕೀಬೋರ್ಡಿನ ಹೊಟ್ಟೆಯಲ್ಲೇ ಎಲ್ಲ ಅಡಗಿರುವ, ಟಿವಿಗೆ ಜೋಡಿಸಿದರೆ ನಡೆಯುವ ಆ ಕಾಲದ ಡಬ್ಬಿ. ಗುಂಡಿಗಳು ಹಳದಿಯಾಗಿದ್ದವು. ಅದನ್ನು ನೋಡಿದ್ದೇ ಕಾಂಚನಾಳ ಕೈ ತಾನಾಗಿ ಮುಂದೆ ಹೋಯಿತು. ಅವಳಿಗೆ ಅದೊಂದು ದೌರ್ಬಲ್ಯ.

"ನಮ್ಮ ಉಳವಪ್ಪ ಮಾಸ್ತರದು," ಅಂದ ವೀರು. "ನಾ ಈಗ ಕಲಿಸೂ ಹೈಸ್ಕೂಲಿನಾಗ ಮೊದಲ ಅವರು ಗಣಿತ ಮಾಸ್ತರ ಇದ್ರು. ಎಂಬತ್ತರ ದಶಕದಾಗ ತಮ್ಮ ಪಗಾರದಾಗ ತಗೊಂಡು ಸಾಲಿ ಹುಡುಗರಿಗೆಲ್ಲಾ ಇದರ ಮ್ಯಾಲೆ ಲೆಕ್ಕ ಕಲಿಸ್ಯಾರ. ಈಗ ಅವರಿಗೊಂದು ಸನ್ಮಾನ ಇಟ್ಟೀವಿ. ಆವತ್ತ ಇದು ಎಲ್ಲಾರ ಮುಂದ ಚಾಲೂ ಆಗಬೇಕು. ಮತ್ತ, ಆನ್ ಮಾಡಿದ ಕೂಡ್ಲೆ ಕನ್ನಡ ಬರಬೇಕು. ಅದು ಮಾಸ್ತರ ಆಸೆ."

ಕಾಂಚನಾ ತಿರುಪು ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಕರಿ ಇರುವೆಯಂತೆ ಕೂತಿದ್ದ ಒಂದು ಚಿಪ್ಪನ್ನು ತೋರಿಸಿದಳು. "ಇದು ಬೂಟ್ ಚಿಪ್. ಮಷಿನ್ ಎದ್ದ ಕೂಡ್ಲೆ ಏನು ಹೇಳಬೇಕು, ಅಕ್ಷರ ಹೆಂಗ ಬರೀಬೇಕು, ಎಲ್ಲಾ ಇದರಾಗ ಐತಿ. ಇದರಾಗ ಇಂಗ್ಲಿಷ್ ಅಷ್ಟ ತುಂಬ್ಯಾರ. ಕನ್ನಡ ಬೇಕಂದ್ರ ಹೊಸಾ ಚಿಪ್ಪಿನಾಗ ಹೊಸಾದು ತುಂಬಿ ಬದಲಿ ಮಾಡಬೇಕು."

"ಆಕ್ಕೈತೇನ್ರಿ?"

"ಯಾರ್ಯಾರು ಬರ್ತಾರ ಸನ್ಮಾನಕ್ಕ?"

"ಊರ ಬರ್ತೈತಿ. ಅಧ್ಯಕ್ಷ ನಮ್ಮ ದೊಡ್ಡಪ್ಪ."

ಕಾಂಚನಾ ಅಂದು ಮೊದಲ ಸಲ ನಕ್ಕಳು. ಕೆಳತುಟಿ ಕಚ್ಚಿ, ಕಣ್ಣು ಕಿರಿದಾಗಿಸಿ ನಕ್ಕಳು. ಆ ನಗೆಯನ್ನು ವೀರು ತಪ್ಪಾಗಿ ತಿಳಿದ, ಗಂಡಸರು ತಿಳಿಯುವಂತೆಯೇ. ಅವನ ಮುಖ ಅರಳಿತು.

"ಆಕ್ಕೈತಿ," ಅಂದಳು. "ಆದ್ರ ಅಕ್ಷರ ಬಿಡಸಾಕ ದಿನಾ ಬರಬೇಕು ನೀವು."

ಮರುದಿನದಿಂದ ಅವನು ಶಾಲೆ ಬಿಟ್ಟ ಮೇಲೆ ಶಿರಹಟ್ಟಿ ಮೇಲಿಂದ ಬರುವ ಬಸ್ಸು ಹಿಡಿದು ಬೆಟಗೇರಿಯ ಅವಳ ಅಂಗಡಿಗೆ ಬರತೊಡಗಿದ.

ಅಕ್ಷರ ಬಿಡಿಸಲು ಕಾಂಚನಾ ತೆಗೆದದ್ದು ತೀರಿಹೋದ ಅಪ್ಪನ ಚೌಕಳಿ ಕಾಗದ. ಅಪ್ಪ ನೇಕಾರ. ಸೀರೆಯ ಅಂಚಿನ ನವಿಲು, ತೇರು, ಆನೆ ಎಲ್ಲವನ್ನೂ ಮೊದಲು ಈ ಕಾಗದದ ಚೌಕಗಳಲ್ಲಿ ಮನೆಮನೆ ತುಂಬಿ ನೋಡಿ ಆಮೇಲೆ ಮಗ್ಗಕ್ಕೆ ಇಳಿಸುತ್ತಿದ್ದ. ಕಂಪ್ಯೂಟರಿನ ಅಕ್ಷರವೂ ಹಾಗೇ. ತುಂಬಿದ ಮನೆ ಬೆಳಕು, ಖಾಲಿ ಮನೆ ಕತ್ತಲು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಸಣ್ಣ ಚೌಕ ಸಾಕು. ಕನ್ನಡ ಅಷ್ಟರಲ್ಲಿ ಕೂಡುವುದಿಲ್ಲ. ತಲೆಕಟ್ಟಿಗೆ ಜಾಗ ಕೊಟ್ಟರೆ ಒತ್ತು ಕೆಳಗೆ ಬೀಳುತ್ತದೆ, ಒತ್ತಿಗೆ ಕೊಟ್ಟರೆ ಹೊಟ್ಟೆ ಚಪ್ಪಟೆಯಾಗುತ್ತದೆ.

"ನಿಮ್ಮ 'ಳ' ಬಸುರಿ ಹಂಗ ಐತಲ್ರಿ," ಅಂದಳು ಒಂದು ಸಂಜೆ ಅವನು ಬಿಡಿಸಿದ್ದನ್ನು ನೋಡಿ.

"ನಿಮ್ಮ 'ರ' ನೋಡ್ರಿ. ಸಿಟ್ಟಿಗೆದ್ದು ಕುಂತಂಗ ಐತಿ."

"ಬರದಾಕಿ ಹಂಗ ಇರ್ತೈತಿ ಅಕ್ಷರ."

ಅವನು ತಲೆ ತಗ್ಗಿಸಿ ಮನೆ ತುಂಬುತ್ತಿದ್ದ. ನಡುವೆ ಕದ್ದು ಕಣ್ಣೆತ್ತುತ್ತಿದ್ದ. ಅವಳು ನೋಡುತ್ತಿರುವುದು ಸಿಕ್ಕಿಬಿದ್ದರೆ ಅವಳು ಥಟ್ಟನೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದಳು. ಸ್ಕ್ರೂಡ್ರೈವರ್ ಅವಳ ಕೈಯಲ್ಲೇ ಇರುತ್ತಿತ್ತು. ಒಮ್ಮೆ ರಬ್ಬರ್ ಕೊಡುವಾಗ ಅವನ ಬೆರಳು ಅವಳ ಸುಟ್ಟ ಚುಕ್ಕೆಗಳ ಮೇಲೆ ಒಂದು ಗಳಿಗೆ ನಿಂತಿತು. ಅವನೇನೋ ಹೇಳಲು ಬಾಯಿ ತೆರೆದ. "ಕಾಂಚನಾ ಅವರ, ಆವತ್ತ..." ಅಂದ. ಅವಳು ಕೈ ಎಳೆದುಕೊಂಡು, "ಬಸ್ ತಪ್ತೈತಿ ನಿಮ್ಮದು," ಅಂದಳು. ಇಲ್ಲಿ, ಯಾರೂ ಇಲ್ಲದ ಅಂಗಡಿಯಲ್ಲಿ ಹೇಳಿದರೆ ಏನು ಬಂತು? ಅಂದು ಹಿತ್ತಲಲ್ಲೂ ಹೀಗೇ ಯಾರೂ ಇಲ್ಲದಾಗ ಹೇಳಿದ್ದನಲ್ಲ.

ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಸಂಜೆಯಾದರೆ ಕಿವಿ ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿತ್ತು. ಅವನಿಗೆಂದು ಚಹಾಕ್ಕೆ ಶುಂಠಿ ಜಾಸ್ತಿ ಹಾಕುತ್ತಿದ್ದಳು, ಆಮೇಲೆ ಶುಂಠಿಗೂ ತನಗೂ ಸೇರಿಸಿ ಬೈದುಕೊಳ್ಳುತ್ತಿದ್ದಳು. ಬೈದು ಬೈದು, ಅವನು ಹೋದ ಮೇಲೆ ಇನ್ನೊಂದು ಹಾಳೆ ತೆಗೆದು ಅವನಿಗೆ ಗೊತ್ತಾಗದಂತೆ ಬೇರೊಂದು ಸಾಲಿನ ಅಕ್ಷರಗಳನ್ನು ಬಿಡಿಸುತ್ತಿದ್ದಳು. ಒಂದೊಂದು ಮನೆ ತುಂಬುವಾಗಲೂ ನಳದ ಮುಂದೆ ತಲೆ ತಗ್ಗಿಸಿ ನಿಂತ ಅವ್ವನನ್ನು ನೆನೆಯುತ್ತಿದ್ದಳು.

ಕೆಲಸ ಮುಗಿದ ದಿನ ಚಿಪ್ಪು ಹಾಕಿ, ಅಂಗಡಿಯ ಹಳೆಯ ಟಿವಿಗೆ ಜೋಡಿಸಿ ಆನ್ ಮಾಡಿದಳು. ಬೀಪ್ ಅಂದಿತು. ಕಪ್ಪು ಪರದೆಯ ಮೇಲೆ, ಬೆಳಕಿನ ಮನೆಗಳಲ್ಲಿ ನೇಯ್ದ ಹಾಗೆ, 'ಉಳವಪ್ಪ ಮಾಸ್ತರರಿಗೆ ಶರಣು' ಎಂದು ಮೂಡಿತು. ವೀರು ಚಪ್ಪಾಳೆ ತಟ್ಟಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಕಾಂಚನಾ ಅದನ್ನು ನೋಡದಿರಲು ಮುಖ ತಿರುಗಿಸಿದಳು.

"ಈ ಚಿಪ್ಪಿಗೆ ತಲಿಮ್ಯಾಲೆ ಗಾಜಿನ ಕಿಟಕಿ ಐತಿ ನೋಡ್ರಿ. ಬಿಸಲು ಬಿದ್ರ ಬರದದ್ದು ಅಳಿಸಿ ಹೊಕ್ಕೈತಿ. ಮ್ಯಾಲೆ ಕರೀ ಟೇಪ್ ಹಚ್ಚಿ ಕೊಡ್ತೀನಿ ತಡೀರಿ."

ಟೇಪ್ ಹಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿ ಆ ಚಿಪ್ಪನ್ನು ಕಿತ್ತು ತನ್ನ ಬಿಡಿಭಾಗದ ಡಬ್ಬಿಗೆ ಹಾಕಿದಳು, ಸೆರಗಿನ ತುದಿಗೆ ಗಂಟುಹಾಕಿದ್ದ ಇನ್ನೊಂದನ್ನು ಮಷಿನ್ನಿನಲ್ಲಿ ಕೂರಿಸಿದಳು. ಇದರಲ್ಲಿ ಮಾಸ್ತರರ ಸಾಲಿನ ಕೆಳಗೆ ಇನ್ನೊಂದು ಸಾಲು ಇತ್ತು.

"ಹಳೇ ಮಷಿನ್. ಸುಮ್‌ಸುಮ್ನ ಆನ್ ಮಾಡಬ್ಯಾಡ್ರಿ," ಅಂದಳು. "ಸೀದಾ ಸಭಾದಾಗ ಮಾಡ್ರಿ."

"ಆತ್ರಿ," ಅಂದ ವೀರು. ಮೆಟ್ಟಿಲಿಳಿದು, ಗಂಟನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು, ಒಮ್ಮೆ ತಿರುಗಿ ನೋಡಿದ. "ನೀವೂ ಬರಬೇಕು ಆವತ್ತ."

"ಬರ್ತೀನಿ," ಅಂದಳು. "ಬರದ ಇರ್ತೀನೇನು?"

ಸನ್ಮಾನದ ದಿನ ಬೆಳಿಗ್ಗೆ ಅವಳ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು, ನಡುಗುವ ಮುದಿ ದನಿ.

"ಕಾಂಚನಾ ಏನವಾ? ನಾ ಉಳವಪ್ಪ ಮಾಸ್ತರ. ವೀರು ನಿನ್ನ ನಂಬರ್ ಕೊಟ್ಟ. ತಂಗಿ, ಖರೇನ ಕನ್ನಡ ಬರ್ತೈತೇನು ಅದರಾಗ?"

"ಬರ್ತೈತ್ರಿ."

"ತಗೊಂಡಾಗಿಂದ ಅನಕೊಂಡೀನಿ ನೋಡು. ಹುಡುಗರು ತಮ್ಮ ಹೆಸರು ಬರೀರಿ ಅಂದ್ರ ಇಂಗ್ಲಿಷಿನಾಗ ಬರಿಯೂದು. ಒಬ್ಬ ಹುಡುಗ ಕೇಳಿದ್ದ, ಮಾಸ್ತರ, ಇದಕ್ಕ ನಮ್ಮ ಮಾತು ತಿಳಿಯಂಗಿಲ್ಲೇನ್ರಿ ಅಂತ. ಉತ್ತರ ಇರಲಿಲ್ಲ ನನ್ನ ಹತ್ರ. ಕಣ್ಣು ಮಂಜಾಗ್ಯಾವ, ಟಿವಿ ಹತ್ರ ಕುಂಡ್ರಸು ಅಂದೀನಿ ವೀರೂಗ. ಇವತ್ತ ಕಣ್ತುಂಬ ನೋಡ್ತೀನಿ."

ಕಾಂಚನಾ ಫೋನ್ ಇಟ್ಟಳು. ವೀರುವಿನ ಮೇಲೆ ಅವಳಿಗೆ ಕರುಣೆ ಬಂದಿತ್ತೆಂದು ಯಾರೂ ತಿಳಿಯಬಾರದು. ಅವನ ಮುಖಕ್ಕೆ ಮಸಿ ಬಳಿಯುವ ಆಸೆ ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಆದರೆ ಆ ಮುದುಕ ಇಷ್ಟು ವರ್ಷ ಕಾದ ಪರದೆಯ ಮೇಲೆಯೇ ಬಳಿಯಬೇಕೆ? ತನ್ನ ಜಗಳಕ್ಕೆ ಇನ್ನೊಬ್ಬರ ಹಬ್ಬ ಕೆಡಿಸಿದರೆ ತಾನೂ ಕುಬೇರಪ್ಪನೂ ಒಂದೇ ಆದ ಹಾಗಾಯಿತು. ಡಬ್ಬಿಯಲ್ಲಿದ್ದ ಮೊದಲಿನ ಚಿಪ್ಪನ್ನು ಪರ್ಸಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು. ದಾರಿಯುದ್ದಕ್ಕೂ ವೀರುವನ್ನು ಬೈಯುತ್ತಲೇ ಇದ್ದಳು. ಅವನನ್ನು ಶಿಕ್ಷಿಸಲೂ ಆಗದಂತೆ ಮಾಡಿದನಲ್ಲ ಎಂಬುದು ಅಂದಿನ ಹೊಸ ದೂರು.

ಶಾಲೆಯ ಅಂಗಳದಲ್ಲಿ ಶಾಮಿಯಾನ ತುಂಬಿತ್ತು. ಅವಳು ವೀರುವನ್ನು ವೇದಿಕೆಯ ಹಿಂದಕ್ಕೆ ಕರೆದಳು.

"ಜಲ್ದಿ ಈ ಚಿಪ್ ಬದಲಿ ಮಾಡ್ರಿ. ಅದರಾಗ ಒಂದು ತಪ್ಪು ಉಳದೈತಿ."

ವೀರು ಚಿಪ್ಪನ್ನೂ ನೋಡಿದ, ಅವಳ ಮುಖವನ್ನೂ ನೋಡಿದ. ಓಡಿ ಬಂದದ್ದಕ್ಕೆ ಅವಳ ಮೂಗಿನ ತುದಿಯಲ್ಲಿ ಬೆವರು ನಿಂತಿತ್ತು. ಅವನು ಮುಗುಳ್ನಕ್ಕ, ಚಿಪ್ಪನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

"ತಪ್ಪು ಉಳದೈತಿ, ಖರೆ. ನೀವು ಮುಂದ ಹೋಗಿ ಕುಂಡ್ರಿ."

ಅವಳು ಕೂತಳು. ಕುಬೇರಪ್ಪ ಪೇಟ ಸುತ್ತಿಕೊಂಡು ನಡುವಿನ ಕುರ್ಚಿಯಲ್ಲಿದ್ದ. ಮಾಸ್ತರರ ಕುರ್ಚಿ ಟಿವಿಗೆ ಮೂಗು ತಾಗುವಷ್ಟು ಹತ್ತಿರವಿತ್ತು. ವೀರು ಬಂದು ಕಂಪ್ಯೂಟರಿನ ಮುಂದೆ ನಿಂತ. ಈಗ ಮುಚ್ಚಳ ತೆಗೆಯುತ್ತಾನೆ, ಈಗ ತೆಗೆಯುತ್ತಾನೆ ಎಂದು ಅವಳು ಕಾದಳು. ತೆಗೆಯಲಿಲ್ಲ. ಸ್ವಿಚ್ ಒತ್ತಿದ.

ಬೀಪ್ ಅಂದಿತು. 'ಉಳವಪ್ಪ ಮಾಸ್ತರರಿಗೆ ಶರಣು.' ಜನ ಹೋ ಎಂದರು. ಆಮೇಲೆ ಕೆಳಗಿನ ಸಾಲು ಮೂಡಿತು.

'ಮಾತು ಕೊಟ್ಟು ಓಡಿಹೋದವನು ವೀರು.'

"ಏ, ಬಂದ್ ಮಾಡಲೇ ಅದನ್ನ!" ಕುಬೇರಪ್ಪ ಎದ್ದು ನಿಂತ. ವೀರು ಬಂದ್ ಮಾಡಲಿಲ್ಲ. ಮೈಕ್ ಕೈಗೆ ತೆಗೆದುಕೊಂಡು, ಹಿಂದೆ ಕೂತವರಿಗೂ ಕೇಳಲೆಂದು ಆ ಸಾಲನ್ನು ದೊಡ್ಡದಾಗಿ ಓದಿದ.

"ಇದು ಮಷಿನ್ ತಪ್ಪಲ್ರಿ, ಖರೇ ಮಾತು," ಅಂದ. "ಈ ಮಷಿನ್ನಿಗೆ ಕನ್ನಡ ಕಲಿಸಿದಾಕಿ ಬೆಟಗೇರಿ ಕಾಂಚನಾ. ಆಕೀನ ನೋಡಿ ಒಪ್ಪಿ, ಮಾತು ಕೊಟ್ಟು ಬಂದಿದ್ದೆ ನಾ. ಆಕೀ ಕೈ ಸುಟ್ಟಾವ ಅಂತ ದೊಡ್ಡಪ್ಪ ಬ್ಯಾಡಂದ. ನಾ ಬಾಯಿ ಮುಚ್ಚಿಕೊಂಡು ಕುಂತೆ. ಆಕೀ ಕಡೆ ಒಂದು ತಪ್ಪೂ ಇದ್ದಿಲ್ಲ. ತಪ್ಪು ನಂದು. ಅಂಜಬುರುಕ ನಾ."

ಮಾಸ್ತರರು ಇನ್ನೂ ಟಿವಿಗೆ ಬಾಗಿಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸುತ್ತಿದ್ದರು.

"ಅಕ್ಷರ ಭಾಳ ಛಂದ ಅದಾವವಾ," ಅಂದರು. "ಮೊದಲಿನ ಸಾಲು ನನಗ ಸಂತೋಷ ಕೊಟ್ತು. ಎರಡನೇ ಸಾಲು ಇವನಿಗೆ ಬುದ್ಧಿ ಕೊಟ್ತು. ಕಂಪ್ಯೂಟರ್ ಇರೂದು ಮತ್ಯಾಕ?" ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕುಬೇರಪ್ಪ ಒಬ್ಬನೇ ಪೇಟ ಸರಿಮಾಡಿಕೊಳ್ಳುತ್ತ ಕೂತ.

ಕಾಂಚನಾಗೆ ಕುಣಿಯಬೇಕು ಅನ್ನಿಸಬೇಕಿತ್ತು. ಅಳು ಬಂತು. ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತಳು. ಅವನು ಬರುತ್ತಾನೆಂದು ಗೊತ್ತಿತ್ತು, ಬಂದ.

"ನಿಮಗ ಮೊದಲ ಗೊತ್ತಿತ್ತು," ಅಂದಳು.

"ತಂದ ದಿನಾನ ಹಾಕಿ ನೋಡೀನಿ. ಆನ್ ಮಾಡಬ್ಯಾಡ್ರಿ ಅಂದ್ರ ಯಾರರ ಸುಮ್ನ ಇರ್ತಾರೇನ್ರಿ?"

"ಮತ್ತ ನಾ ತಂದದ್ದು ಯಾಕ ಹಾಕಲಿಲ್ಲ?"

"ನಾ ಹೇಳಬೇಕಾದ್ದು ಮಷಿನ್ ಹೇಳಿತ್ತು. ಅದನ್ನೂ ಅಳಿಸಿದ್ರ ಇನ್ನೊಮ್ಮೆ ಓಡಿಹೋದಂಗ ಆಕ್ಕಿತ್ತು." ಅವನು ನೆಲ ನೋಡಿದ. "ಸಭಾ ಶುರು ಆಗೂ ಮೊದಲ ಮಾಸ್ತರಿಗೆ ಕೇಳಿದ್ದೆ. ಹಂಗ ಇರಲಿ ಅಂದ್ರು."

ಮುದುಕರೂ ಸೇರಿಕೊಂಡಿದ್ದರೆಂದು ತಿಳಿದು ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ನನ್ನ ಸೇಡನ್ನೂ ಇವನೇ ತೀರಿಸಿಬಿಟ್ಟನಲ್ಲ ಅನ್ನಿಸಿತು. "ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಅಂದಳು.

"ಹೋಗೂದು ಬ್ಯಾಡ. ಸಿಟ್ಟಿನಾಗ ನಿಮ್ಮ ಮೂಗು ಛಂದ ಕಾಣತೈತಿ." ಅವಳು ಕೆಕ್ಕರಿಸಿದಳು, ಅವನು ಒಂದು ಹೆಜ್ಜೆ ಹಿಂದೆ ಸರಿದ, ಆದರೆ ಓಡಲಿಲ್ಲ. "ಆ ಹಿತ್ತಲದಾಗ ಹೇಳಿದ್ದು ಒಂದೂ ಸುಳ್ಳಲ್ರಿ. ಆವತ್ತಿನಿಂದ ಬ್ಯಾರೆ ಯಾರನ್ನೂ ನೋಡಿಲ್ಲ. ನಿಮ್ಮ ಮ್ಯಾಲೆ ಜೀವ ಐತಿ. ಇನ್ನೊಮ್ಮೆ ನೋಡಾಕ ಬರಲೇನು?"

ಕಾಂಚನಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೆಳತುಟಿ ಕಚ್ಚಿದಳು. ಕಣ್ಣು ಕಿರಿದಾಗಿಸಿದಳು. ಈ ನಗೆಯ ಅರ್ಥ ವೀರುವಿಗೆ ಈಗ ತಿಳಿದಿತ್ತು.

"ನೀವು ಬರೂದು ಬ್ಯಾಡ," ಅಂದಳು. "ಈ ಸಲ ನೋಡಾಕ ನಾವು ಬರ್ತೀವಿ."

ಬಂದರು, ಜೀಪು ತುಂಬಿಕೊಂಡೇ ಬಂದರು. ಕಾಂಚನಾ ಬೇಕೆಂದೇ ಓಣಿಯ ಹೆಂಗಸರನ್ನು ಕರೆತಂದಿದ್ದಳು. ಸಕ್ಕರೆ ತಿಂದ ಬಾಯಿಗಳೆಲ್ಲ ಸಾಲಾಗಿ ಲಕ್ಷ್ಮೇಶ್ವರದ ಆ ಮನೆಯ ಪಡಸಾಲೆಯಲ್ಲಿ ಕೂತವು. ಸಿದ್ದಲಿಂಗವ್ವ ಗಂಡ ನೇಯ್ದ ಸೀರೆ ಉಟ್ಟು ನಡುವೆ ಕೂತಿದ್ದಳು. ಮೂಲೆಯ ಕುರ್ಚಿಯಲ್ಲಿ ಕುಬೇರಪ್ಪ ಔಷಧಿ ಕುಡಿದವನ ಮುಖ ಮಾಡಿಕೊಂಡಿದ್ದ. ಊರೆದುರಿಗೆ ಮಾತು ಬಿದ್ದ ಮೇಲೆ ಅವನಿಗೆ ಬೇರೆ ದಾರಿ ಇರಲಿಲ್ಲ.

ವೀರು ಚಹಾದ ತಾಟು ತಂದ. ಕಪ್ಪಿನ ಕೆಳಗಿನ ಬಸಿಯಲ್ಲೆಲ್ಲ ಚಹಾ ಚೆಲ್ಲಿತ್ತು.

"ಸ್ವಲ್ಪ ನಡದು ತೋರಸಪಾ," ಅಂದಳು ಬಸವಣ್ಣೆವ್ವ. ಅಂಥ ಅವಕಾಶವನ್ನು ಅವಳು ಬಿಡುವವಳಲ್ಲ. ವೀರು ನಡೆದ. "ಹೆಸರು ಹೇಳು." ಹೇಳಿದ. "ಅಡಗಿ ಬರ್ತೈತೇನು?"

"ಅನ್ನಾ ಬರ್ತೈತ್ರಿ."

"ರೊಟ್ಟಿ?"

"ಕಲೀತೀನ್ರಿ."

"ಹುಡುಗ ಛಲೋ ಅದಾನ. ಇಂಥವನ್ನ ಎರಡು ವರ್ಷ ಯಾರೂ ಮಾಡಿಕೊಂಡಿಲ್ಲ ಅಂದ್ರ ಮನ್ಯಾಗ ಏನರ ಇರಬೇಕು," ಅಂದಳು ಬಸವಣ್ಣೆವ್ವ ಕುಬೇರಪ್ಪನ ಕಡೆ ನೋಡುತ್ತ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಿದ್ದಲಿಂಗವ್ವ ಮುಚ್ಚಿಕೊಳ್ಳಲಿಲ್ಲ, ಹಲ್ಲು ಕಾಣುವ ಹಾಗೆ ನಕ್ಕಳು. ಅವ್ವ ಹಾಗೆ ನಕ್ಕಿದ್ದನ್ನು ಕಾಂಚನಾ ನೋಡದೆ ಬಹಳ ಕಾಲವಾಗಿತ್ತು.

ಅವಳು ಸೀರೆಯ ನೆರಿಗೆ ಝಾಡಿಸಿ ಎದ್ದಳು. ಮೊದಲು ಕುಬೇರಪ್ಪನನ್ನು, ಆಮೇಲೆ ವೀರುವನ್ನು ನೋಡಿದಳು.

"ಊರಿಗಿ ಹೋಗಿ ತಿಳಸ್ತೀವ್ರಿ."

ವೀರುವಿನ ಮುಖ ಬಿಳಿಚಿತು. ಅಷ್ಟು ನಡೆದದ್ದು, ರೊಟ್ಟಿ ಕಲಿಯುತ್ತೇನೆ ಅಂದದ್ದು, ಎಲ್ಲ ನೀರಲ್ಲಿ ಹೋಯಿತು ಎಂಬಂತೆ ನಿಂತ. ಅವಳು ಅದನ್ನು ಕಣ್ತುಂಬ ನೋಡಿದಳು. ಆಮೇಲೆ ಖಾಲಿ ಕಪ್ಪನ್ನು ಅವನ ತಾಟಿನಲ್ಲಿಟ್ಟು, ಪಕ್ಕದಲ್ಲಿ ಒಂದು ಚಿಪ್ಪು ಇಟ್ಟಳು. ಅದರ ಗಾಜಿನ ಕಿಟಕಿಗೆ ಟೇಪ್ ಇರಲಿಲ್ಲ. ಕೆಂಪು ಟಿಕಳಿ ಹಚ್ಚಿತ್ತು, ಅವಳ ಹಣೆಯ ಮೇಲಿದ್ದಂಥದೇ.

"ಸನ್ಮಾನ ಆದ ಮ್ಯಾಲೆ ಮಾಸ್ತರ ಮಷಿನ್ ನಿಮ್ಮ ಮನ್ಯಾಗ ಉಳದೈತೆಲ್ಲ. ಅದಕ್ಕ ಹಾಕಿ ನೋಡ್ರಿ," ಅಂದಳು ಮೆಲ್ಲಗೆ. "ಚಿಪ್ಪಿನ ತುದಿಯಾಗಿನ ಅರ್ಧಚಂದ್ರದ ಗುರುತು ಎಡಕ್ಕ ಬರಬೇಕು. ಗಡಿಬಿಡಿ ಮಾಡಿ ತಿರುವಿ ಹಾಕಿ ಸುಟ್ಟಗಿಟ್ಟೀರಿ."

ಅವನು ತಾಟು ಅಲ್ಲೇ ದೊಡ್ಡಪ್ಪನ ತೊಡೆಯ ಮೇಲಿಟ್ಟು ಒಳಗೆ ಓಡಿದ.

ಹೆಂಗಸರು ಜೀಪು ಹತ್ತತೊಡಗಿದರು. ಕಾಂಚನಾ ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತ ನಿಂತಳು. ಒಂದು ಚಪ್ಪಲಿಯ ಪಟ್ಟಿ ಹಾಕಿಕೊಂಡಳು. ಒಳಗೆ ತಿರುಪು ನೆಲಕ್ಕೆ ಬಿದ್ದ ಸದ್ದು, ಅವನು ತನ್ನನ್ನೇ ಬೈದುಕೊಂಡದ್ದು ಕೇಳಿಸಿತು. ಇನ್ನೊಂದು ಪಟ್ಟಿಗೆ ಕೈ ಹಾಕಿದಳು.

ಬೀಪ್ ಅಂದಿತು.

ಪರದೆಯ ಮೇಲೆ ಏನು ಮೂಡಿದೆಯೆಂದು ಅವಳಿಗೆ ಗೊತ್ತಿತ್ತು. ಅಪ್ಪನ ಕಾಗದದ ಮೇಲೆ ಮನೆಮನೆ ತುಂಬಿ ತಾನೇ ಬಿಡಿಸಿದ್ದು. ಒಂದೇ ಮಾತು, 'ಹೂಂ.'

ಒಳಗಿನಿಂದ ಓಡಿ ಬರುವ ಹೆಜ್ಜೆಗಳು ಕೇಳಿದವು. ಕಾಂಚನಾ ಹಾಕಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಹಾಕಿಕೊಳ್ಳತೊಡಗಿದಳು.